ಬಣ್ಣ ನೋಡುವವನು

ಹತ್ತಿಯ ರಾಶಿಯೊಳಗೆ ಮೊಣಕೈ ಮುಳುಗುವವರೆಗೆ ಕೈ ಇಳಿಸಿದ ಮೇಲೆ ಆಂಜಿನೇಯನಿಗೆ ಅದನ್ನು ಹೊರಗೆ ತೆಗೆಯಬೇಕೆನಿಸಲಿಲ್ಲ. ಒಳಗೆ ಬೆಚ್ಚಗಿತ್ತು. ಹೊರಗೆ ಆದೋನಿಯ ಮಾರ್ಕೆಟ್ ಯಾರ್ಡಿನ ಬೆಳಗು, ಟ್ರ್ಯಾಕ್ಟರುಗಳ ಹೊಗೆ, ಚಹಾದ ಗ್ಲಾಸುಗಳ ಸದ್ದು, ರಾಶಿಯ ಆಚೆಗೆ ಕೈಕಟ್ಟಿ ನಿಂತು ಅವನ ಮುಖವನ್ನೇ ನೋಡುತ್ತಿರುವ ರೈತ. ಒಳಗಿನಿಂದ ಒಂದು ಹಿಡಿ ಎಳೆದು ಬಿಸಿಲಿಗೆ ಹಿಡಿದು ಬಣ್ಣ ಹೇಳಿದರೆ ಮುಗಿಯಿತು. ಮೀಸೆ ಚಿಗುರುವ ಮೊದಲಿನಿಂದ ಮಾಡುತ್ತ ಬಂದ ಕೆಲಸ ಅದು. ಸೋಮಶೇಖರಪ್ಪನವರ ಮಂಡಿಯವರು ಕೊಳ್ಳುವ ಹತ್ತಿಯನ್ನು ಮೊದಲು ಮುಟ್ಟುವವನು ಆಂಜಿನೇಯ. ಅವನು ತಲೆಯಾಡಿಸಿದ ಮೇಲೆಯೇ ಸೋಮಶೇಖರಪ್ಪನವರು ದರ ಕೂಗುವುದು. ರಾಶಿಯ ಮೇಲುಮೈ ಎಲ್ಲರದೂ ಬೆಳ್ಳಗೇ ಇರುತ್ತದೆ, ಫೋಟೋಕ್ಕೆ ನಿಂತವರ ಮುಖದ ಹಾಗೆ. ಮಳೆಗೆ ಸಿಕ್ಕಿ ಕಂದಿದ್ದು, ಕಾಯಿಯಲ್ಲೇ ಕೊಳೆತು ಹಳದಿ ತಿರುಗಿದ್ದು, ತೂಕಕ್ಕೆಂದು ನೀರು ಚಿಮುಕಿಸಿದ್ದು ಎಲ್ಲ ಹೊಟ್ಟೆಯೊಳಗೆ ಇರುತ್ತದೆ. ಅಲ್ಲಿಂದ ಬಂದ ಹಿಡಿಯನ್ನು ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ಎಳೆಯ ಉದ್ದ ನೋಡಬೇಕು, ಬಿಸಿಲಿಗೆ ತಿರುಗಿಸಿ ಬಣ್ಣ ನೋಡಬೇಕು. ಚೂರು ಹಳದಿ ಇದ್ದರೂ ಆಂಜಿನೇಯನ ಕಣ್ಣು ತಪ್ಪಿಸಿಕೊಳ್ಳದು ಎಂದು ಯಾರ್ಡಿನಲ್ಲಿ ಅವನಿಗೆ ಹೆಸರು. ಆ ಹೆಸರನ್ನು ನೆನೆದರೆ ಈಗ ಅವನಿಗೆ ನಾಚಿಕೆಯಾಗುತ್ತದೆ.

ಅಂಗಿಯ ಜೇಬಿನಲ್ಲಿ ಫೋನು ಎದೆಗೆ ಒತ್ತುತ್ತಿತ್ತು. ಇವತ್ತು ಇಲ್ಲವೆಂದರೆ ನಾಳೆ ರಿಪೋರ್ಟು ಬರುತ್ತದೆ, ಬಂದ ಕೂಡಲೆ ನಾನೇ ಫೋನ್ ಮಾಡುತ್ತೇನೆ ಎಂದಿದ್ದರು ಕರ್ನೂಲಿನ ದೊಡ್ಡಾಸ್ಪತ್ರೆಯ ಡಾಕ್ಟರ್ ಮಂಗಳಾ. ಅವನ ಕೂಸಿಗೆ ಎರಡನೆಯ ತಿಂಗಳು ನಡೆಯುತ್ತಿತ್ತು. ಹೆಣ್ಣು ಕೂಸು. ತೊಟ್ಟಿಲು ಇಡುವ ಶಾಸ್ತ್ರ ಮುಂದಕ್ಕೆ ಹೋಗಿದ್ದರಿಂದ ಅದಕ್ಕಿನ್ನೂ ಹೆಸರಿರಲಿಲ್ಲ. ಆಸ್ಪತ್ರೆಯವರು ಎಲ್ಲ ಚೀಟಿಗಳ ಮೇಲೂ ಪಲ್ಲವಿಯ ಮಗು ಎಂದಷ್ಟೇ ಬರೆದುಕೊಂಡಿದ್ದರು. ಹುಟ್ಟಿದ ಕೂಸುಗಳಿಗೆಲ್ಲ ಒಂದಿಷ್ಟು ಕಾಮಣಿ ಬಂದು ಹೋಗುತ್ತದೆ, ಇದಕ್ಕೆ ಬಂದದ್ದು ಹೋಗಲಿಲ್ಲ. ಕಣ್ಣಿನ ಬಿಳಿಭಾಗ ಹಳದಿ, ಮೈ ಹಳದಿ, ಉಚ್ಚೆಯಂತೂ ಕಡುಚಹಾದ ಬಣ್ಣ. ರಕ್ತ ನೋಡಿದರು, ಹೊಟ್ಟೆಯ ಸ್ಕ್ಯಾನು ಮಾಡಿದರು. ಕೊನೆಗೆ ಡಾಕ್ಟರ್ ಮಂಗಳಾ ಅವನನ್ನೂ ಅವನ ಹೆಂಡತಿ ಪಲ್ಲವಿಯನ್ನೂ ಕೂಡಿಸಿಕೊಂಡು, ಕೂಸಿನ ಪಿತ್ತಜನಕಾಂಗದಿಂದ ಒಂದು ಎಳೆ ತೆಗೆದು ನೋಡಬೇಕು ಎಂದರು. ಡಾಕ್ಟರು ಸಿರುಗುಪ್ಪದ ಕಡೆಯವರು. ಅಷ್ಟು ದೂರ ತೆಲುಗಿನಲ್ಲೇ ಪ್ರಶ್ನೆ ಕೇಳಿಸಿಕೊಂಡು ಬಂದಿದ್ದ ಆಂಜಿನೇಯನಿಗೆ ಆ ಮಾತು ಕನ್ನಡದಲ್ಲಿ ಬಂದದ್ದೇ ಒಂದು ಆಧಾರವಾಗಿತ್ತು.

"ಎರಡು ಬ್ಯಾನಿ ಅದಾವು," ಎಂದಿದ್ದರು ಡಾಕ್ಟರು. "ಹೊರಗ ಎರಡೂ ಒಂದ ಥರ ಕಾಣತಾವ. ಒಂದು, ಲಿವರ್‌ಗೆ ಬಾವು. ಅದಕ್ಕ ಔಷಧಿ ಕೊಟ್ಟು ಕಾಯಬೇಕು, ಬಾಳ ಕೂಸುಗಳಿಗೆ ತಾನ ಇಳಿದು ಹೋಗತೈತಿ. ಇನ್ನೊಂದು, ಲಿವರ್‌ನಿಂದ ಪಿತ್ತ ಇಳಿಯೋ ನಾಳ ಮುಚ್ಚಿಕೊಂಡಿರೋದು. ಅದಕ್ಕ ಕಾಯಂಗಿಲ್ಲ. ಆಪರೇಷನ್ ಆಗಬೇಕು, ಅದೂ ಲಗೂನ. ಕಾಯೋದಕ್ಕ ಆಪರೇಷನ್ ಮಾಡಿದರೂ ತಪ್ಪು, ಆಪರೇಷನ್ ಮಾಡೋದನ್ನ ಕಾದರೂ ತಪ್ಪು. ಒಳಗಿಂದು ನೋಡದ ಹೇಳಾಕ ಆಗಂಗಿಲ್ಲ."

"ಒಂದ ಕಡಿ ತೆಗೆದರ ಇಡೀದು ತಿಳೀತೈತೇನ್ರಿ?" ಎಂದು ಆಂಜಿನೇಯ ಕೇಳಿದ್ದ.

ಡಾಕ್ಟರು ತಲೆಯೆತ್ತಿ ಅವನನ್ನು ನೋಡಿದರು. ನೋವಾಗುತ್ತದೆಯೇ, ರಕ್ತ ಹೋಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. "ಬಾಳ ಸಲ ತಿಳೀತೈತಿ," ಎಂದರು. "ಒಮ್ಮೊಮ್ಮೆ ಸಾಕಾಗಂಗಿಲ್ಲ. ಅವಾಗ ಇನ್ನೊಮ್ಮೆ ತೆಗೀತೀವಿ." ಅವನಿಗೆ ಆ ಉತ್ತರ ಹಿಡಿಸಿತು. ಅನುಮಾನದ ರಾಶಿಗೆ ಅವನೂ ಮೂರು ಕಡೆ ಕೈ ಹಾಕುವವನೇ. ಆದರೆ ಹಿಡಿಸಿದ್ದಕ್ಕೇ ತನ್ನ ಮೇಲೆ ಅಸಹ್ಯವಾಯಿತು. ಮಗಳ ಮೈಯೊಳಗೆ ಸೂಜಿ ಹೋಗುವ ಮಾತು ನಡೆದಿರುವಾಗ ತಾನು ಮಂಡಿಯವನ ಹಾಗೆ ವಿಚಾರಿಸುತ್ತ ಕೂತಿದ್ದೇನೆ ಎನಿಸಿತು. ಪಕ್ಕದಲ್ಲಿ ಪಲ್ಲವಿ ಕೂಸಿನ ಟೊಪ್ಪಿಗೆಯ ದಾರ ಕಟ್ಟುತ್ತಿದ್ದಳು, ಬಿಚ್ಚುತ್ತಿದ್ದಳು.

ರಾಶಿಯ ಆಚೆ ನಿಂತ ರೈತ ಕೆಮ್ಮಿದ. ಗೋನೆಗಂಡ್ಲದ ಮೂಕಪ್ಪ; ವರ್ಷ ವರ್ಷ ಇದೇ ಯಾರ್ಡಿಗೆ ಬರುವ, ಹತ್ತಿಯನ್ನು ಎರಡು ಸಲ ಆರಿಸಿ ತರುವ ಮನುಷ್ಯ. ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ. ಆಂಜಿನೇಯ ಕೈ ಹೊರಗೆ ತೆಗೆದ. ಹಿಡಿಯನ್ನು ಬಿಸಿಲಿಗೆ ಎತ್ತಿದ. ಎಳೆ ಉದ್ದವಾಗಿತ್ತು, ಗಟ್ಟಿಯಾಗಿತ್ತು. ಮತ್ತೆ ಬಣ್ಣ ನೋಡಿದ. ಅಂಚಿನಲ್ಲಿ ಹಳದಿ ಕಂಡಿತು. ತಿರುಗಿಸಿದರೆ ಆ ಕಡೆಯೂ ಕಂಡಿತು. ಕಣ್ಣು ಮುಚ್ಚಿ ತೆರೆದ. ಕೋಸಗಿಯಲ್ಲಿ ಅಕ್ಕನ ಮನೆಯ ಹಿತ್ತಿಲ ತಂತಿಯ ಮೇಲೆ ಸಾಲಾಗಿ ಒಣಹಾಕಿದ ಬಟ್ಟೆಗಳು ಹೀಗೇ ಬೆಳಕಿಗೆ ಎದುರಾಗಿ ಹಾರಾಡುತ್ತಿದ್ದವು.

ಗಾದಿಲಿಂಗಮ್ಮ ಅವನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಅವರಲ್ಲಿ ಹೊಸತೇನಲ್ಲ. ತಾಯಿ ಸತ್ತಾಗ ಅವನಿನ್ನೂ ಚಡ್ಡಿಗೆ ಗುಂಡಿ ಹಾಕಿಕೊಳ್ಳಲು ಬಾರದವನು; ಅಂದಿನಿಂದ ಅವನ ತಲೆಗೆ ಎಣ್ಣೆ ಹಚ್ಚಿದವಳು, ಬೆನ್ನಿಗೆ ಬಾರಿಸಿದವಳು, ತನ್ನ ಪಾಲಿನ ಮೊಸರನ್ನು ಅವನ ತಟ್ಟೆಗೆ ಸುರಿದವಳು ಆಕೆ. ಅವಳ ಮಾತಿಗೆ ಎದುರು ಮಾತು ಅವನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಪಲ್ಲವಿಯ ಬಾಣಂತನವನ್ನು ಅಕ್ಕ ಒಂದು ವ್ರತ ಹಿಡಿದಂತೆ ಹಿಡಿದಿದ್ದಳು. ಬಿಳಿ ಅನ್ನ, ಹಾಲು, ತುಪ್ಪ, ಬೆಳ್ಳುಳ್ಳಿ, ಬಿಳಿ ಜೋಳದ ರೊಟ್ಟಿಯ ಮೆತ್ತನೆ ಭಾಗ. ಬಣ್ಣ ಇದ್ದದ್ದೊಂದೂ ಬಾಣಂತಿ ಕೋಣೆಯ ಹೊಸ್ತಿಲು ದಾಟಬಾರದು. ತಾಯಿ ತಿಂದ ಬಣ್ಣ ಹಾಲಿಗಿಳಿದು ಕೂಸಿನ ಹೊಟ್ಟೆ ಕೆಡಿಸುತ್ತದೆ ಎಂಬುದು ಅಕ್ಕನ ಲೆಕ್ಕ. ಪಲ್ಲವಿಗೆ ರಕ್ತ ಕಡಿಮೆ ಇದೆ ಎಂದು ಹೆರಿಗೆ ಮಾಡಿಸಿದವರು ಹೇಳಿದ್ದರಿಂದ ಆಂಜಿನೇಯ ಒಮ್ಮೆ ಆದೋನಿಯಿಂದ ಚೀಲದ ತುಂಬ ಬೀಟ್‌ರೂಟ್ ಹೊತ್ತು ಹೋಗಿದ್ದ. ಅಕ್ಕ ಚೀಲವನ್ನು ಇಣುಕಿ ನೋಡಿ, "ಕೂಸಿಗೆ ಬಣ್ಣ ಬಳಿಯಾಕ ಬಂದೀಯೇನು?" ಎಂದು, ಅವನ ಕಣ್ಣೆದುರೇ ಎಲ್ಲವನ್ನೂ ಎಮ್ಮೆಯ ಮುಂದೆ ಸುರಿದಿದ್ದಳು. ಎಮ್ಮೆ ಮೂತಿ ಕೆಂಪು ಮಾಡಿಕೊಂಡು ಅವನನ್ನೇ ನೋಡುತ್ತ ಮೆದ್ದಿತು. ಪಕ್ಕದ ಮನೆಯ ಬಸವಕ್ಕ ಗೋಡೆಯ ಮೇಲಿಂದ ನೋಡಿ ಬಿದ್ದು ಬಿದ್ದು ನಕ್ಕಳು. ಅವನೂ ನಕ್ಕ. ಆ ಮೇಲೆ ಏನೂ ತರಲಿಲ್ಲ.

ಕೂಸಿನ ಮಲ ದಿನದಿಂದ ದಿನಕ್ಕೆ ಬಿಳಿಚಿಕೊಂಡಾಗ ಅಕ್ಕ ಅದನ್ನು ತನ್ನ ಪಥ್ಯದ ಗೆಲುವು ಎಂದೇ ತಿಳಿದಳು. ಬಟ್ಟೆ ಒಗೆಯುವಾಗ ಬಸವಕ್ಕನಿಗೆ ತೋರಿಸಿದಳು. ಹಳೆಯ ಸೀರೆ ಹರಿದು ಮಾಡಿದ ಆ ಬಟ್ಟೆಗಳಿಗೆ ಕಲೆಯೇ ಇರಲಿಲ್ಲ. ಮಂದಿಯ ಮಕ್ಕಳ ಬಟ್ಟೆ ನೋಡು, ಎಷ್ಟು ಕುಕ್ಕಿದರೂ ಹಳದಿ ಬಿಡುವುದಿಲ್ಲ, ನನ್ನ ಮೊಮ್ಮಗಳದು ನೋಡು ಎಂದು ಹೇಳಿಕೊಂಡು ಓಡಾಡಿದಳು. ಒಂದು ಭಾನುವಾರ ಆದೋನಿಯಿಂದ ಬಂದ ಆಂಜಿನೇಯನಿಗೂ ತೋರಿಸಿದಳು. ಅವನು ತಂತಿಯ ಮೇಲಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಯಾರ್ಡಿನ ಅಭ್ಯಾಸದಿಂದ ಬೆಳಕಿಗೆ ತಿರುಗಿಸಿ, "ನಂಬರ್ ಒನ್ ಐತಿ ಅಕ್ಕಾ," ಎಂದಿದ್ದ. ಅಕ್ಕ ಅದಕ್ಕೆ ಹಿಗ್ಗಿ ಅವನಿಗೆ ಇನ್ನೊಂದು ಚಹಾ ಮಾಡಿಕೊಟ್ಟಳು. ಆ ಚಹಾದ ರುಚಿ ಈಗಲೂ ನೆನಪಿದೆ. ಬಾಯಿ ತೊಳೆದರೆ ಹೋಗುವಂಥದ್ದಲ್ಲ.

ಅದೇ ಭಾನುವಾರ ಸಂಜೆ ಪಲ್ಲವಿ ಅವನನ್ನು ಒಳಗೆ ಕರೆದಿದ್ದಳು. ಬಾಣಂತಿ ಕೋಣೆಗೆ ಕಿಟಕಿ ಇರಲಿಲ್ಲ. ಲೋಬಾನದ ಹೊಗೆ, ಕೆಂಡದ ಬಿಸಿ, ಸೂರಿನಿಂದ ಇಳಿಬಿದ್ದ ಒಂದು ಬಲ್ಬು. ಆಗಷ್ಟೇ ಅರಿಷಿಣ ಕಲಸಿದ ನೀರೆರೆದು ಮಲಗಿಸಿದ್ದ ಕೂಸು ಬಟ್ಟೆಯ ಗಂಟಿನಲ್ಲಿ ಮುಖವೊಂದನ್ನೇ ಹೊರಗೆ ಹಾಕಿತ್ತು. "ಮಾಮಾ, ಹತ್ತಿ ನೋಡಿದಂಗ ಒಂದ್ಸಲ ಛಂದಗ ನೋಡು," ಎಂದಿದ್ದಳು ಪಲ್ಲವಿ. ದನಿ ಸಣ್ಣಗಿತ್ತು, ತಾಯಿಗೆ ಕೇಳಬಾರದು ಎಂಬಂತೆ. "ನಂಗ ಯಾಕೋ ಕೂಸು ಹಳದಿ ಕಾಣತೈತಿ." ಅವನು ಬಗ್ಗಿದ. ಬೆರಳಿಂದ ಕೂಸಿನ ಹಣೆ ಒತ್ತಿ ಬಿಟ್ಟ. ಬೆರಳಿನ ಗುರುತು ಹಳದಿಯಾಗಿ ನಿಂತು ಮೆಲ್ಲಗೆ ಮಾಸಿತು. ಅವನ ಕಣ್ಣು ನೋಡಿತು. ನೋಡಿದ್ದು ಅವನಿಗೆ ಗೊತ್ತಾಯಿತು. ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು, ಕೈಯಲ್ಲಿ ತುಪ್ಪದ ಅನ್ನದ ತಟ್ಟೆ. "ದಿನಾ ಅರಿಷಿಣದ ನೀರು ಹಾಕತೀನಿ, ಹಳದಿ ಆಗದ ಕರ್ರಗ ಆಗತೈತೇನು?" ಎಂದಳು. ಆಂಜಿನೇಯ ಬಲ್ಬಿನ ಕಡೆ ನೋಡಿದ. ಬಲ್ಬೂ ಹಳದಿಯೇ. ಆದೋನಿಗೆ ಹೋಗುವ ಪ್ಯಾಸೆಂಜರಿನ ಹೊತ್ತಾಗಿತ್ತು. ಅದು ತಪ್ಪಿದರೆ ಕೋಸಗಿಯ ಸ್ಟೇಷನ್ನಿನ ಕಟ್ಟೆಯ ಮೇಲೆ ಸೊಳ್ಳೆ ಹೊಡೆಯುತ್ತ ಕೂರಬೇಕು. "ಅರಿಷಿಣದ್ದ ಐತಿ ಬಿಡು," ಎಂದ. ಪಲ್ಲವಿ ಅವನ ಮುಖವನ್ನೇ ನೋಡಿ, ಹೂಂ ಎಂದು ಹಾಸಿಗೆಗೆ ಒರಗಿದಳು. ಅವಳ ಮುಖದ ಬಿಗಿ ಸಡಿಲಿದ್ದನ್ನು ಕಂಡು ಅವನಿಗೂ ಹಗುರವಾಯಿತು. ಹೊತ್ತು ಮುಳುಗಿದ ಮೇಲೆ ಯಾರಾದರೂ ಹತ್ತಿ ತಂದರೆ, ಬಲ್ಬಿನ ಬೆಳಕಲ್ಲಿ ನಾನು ಬಣ್ಣ ಹೇಳುವುದಿಲ್ಲ, ನಾಳೆ ಬಿಸಿಲೇರಿದ ಮೇಲೆ ಬಾ ಎಂದು ಖಡಾಖಂಡಿತವಾಗಿ ಹೇಳುವ ಮನುಷ್ಯ ಅವನು. ಪರರ ಹತ್ತಿಗೆ ಇಟ್ಟುಕೊಂಡ ನೇಮ ಅದು. ಸ್ವಂತ ಕೂಸಿಗೆ ಅಷ್ಟೂ ಇಲ್ಲವಾಯಿತು.

"ಹಳದಿ ಐತಿ," ಎಂದ ಆಂಜಿನೇಯ ಈಗ, ಹಿಡಿ ಹತ್ತಿಯನ್ನು ರಾಶಿಯ ಮೇಲೆ ಎಸೆಯುತ್ತ. "ಒಳಗ ಮಳಿಗೆ ಸಿಕ್ಕೈತಿ. ಎರಡನೇ ದರ್ಜೆ."

ಮೂಕಪ್ಪ ಪಂಚೆಯನ್ನು ಮೇಲಕ್ಕೆ ಕಟ್ಟಿ, ರಾಶಿಯ ಮೇಲೇರಿ, ಅವನು ಕೈ ಹಾಕಿದ ಜಾಗದಲ್ಲೇ ತಾನೂ ಕೈ ಹಾಕಿದ. ಭುಜದವರೆಗೂ ಇಳಿಸಿ ಒಂದು ಹಿಡಿ ತೆಗೆದು, ಇಳಿದು ಬಂದು, ಆಂಜಿನೇಯನ ಅಂಗೈಯಲ್ಲಿ ಇಟ್ಟ. "ಎಲ್ಲೈತಿ ತೋರಿಸ್ರಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನಿಜಕ್ಕೂ ತಿಳಿಯಬೇಕೆಂಬವನ ದನಿ. ಸುತ್ತ ಇದ್ದ ಹಮಾಲಿಗಳು ಹತ್ತಿರ ಬಂದರು. ಬೇರೆ ಮಂಡಿಯ ನರಸಣ್ಣ ಬೀಡಿ ಬಾಯಿಂದ ತೆಗೆದು ಕತ್ತು ಚಾಚಿದ. ಆಂಜಿನೇಯ ಅಂಗೈ ನೋಡಿದ. ಹತ್ತಿ ಬೆಳ್ಳಗಿತ್ತು. ಹಾಲಿನಷ್ಟು ಬೆಳ್ಳಗಿತ್ತು. ಅದನ್ನು ಎಷ್ಟು ತಿರುಗಿಸಿದರೂ ಬೆಳ್ಳಗೇ ಇತ್ತು, ಮತ್ತು ಎಷ್ಟು ಬೆಳ್ಳಗಿತ್ತೋ ಅಷ್ಟೂ ಅವನಿಗೆ ಹೆದರಿಕೆಯಾಯಿತು. ಹಳದಿ ಅವನಿಗೆ ಕೋಸಗಿಯಲ್ಲಿ ಕಾಣಬೇಕಾಗಿತ್ತು. ಇಲ್ಲಿ ಒಬ್ಬನ ವರ್ಷದ ದುಡಿಮೆಯ ಮೇಲೆ ಕಾಣುತ್ತಿತ್ತು.

ಸೋಮಶೇಖರಪ್ಪನವರು ಬಂದು ಹಿಡಿಯನ್ನು ತಾವೇ ತೆಗೆದುಕೊಂಡು ನೋಡಿದರು. ಅವರು ದೊಡ್ಡ ದನಿಯವರು, ಆದರೆ ಅವತ್ತು ಮೆಲ್ಲಗೆ ಮಾತಾಡಿದರು, ಅದೇ ಹೆಚ್ಚು ತಾಗಿತು. "ಮೂಕಪ್ಪ, ಮನಸಿಗೆ ಹಚ್ಚಿಕೋಬ್ಯಾಡ. ನಂಬರ್ ಒನ್ ಮಾಲು ಐತಿ. ಆಂಜಿ, ನೀನು ಮನಿಗಿ ಹೋಗು. ಕೂಸಿನ ರಿಪೋರ್ಟು ಬರೂತನ ಯಾರ್ಡಿಗೆ ಬರಬ್ಯಾಡ." ಆಂಜಿನೇಯ ಮೂಕಪ್ಪನಿಗೆ ಏನೋ ಹೇಳಬೇಕೆಂದು ನಿಂತ. ಮೂಕಪ್ಪ ಅಷ್ಟರಲ್ಲಿ ರಾಶಿಯ ಮೇಲೆ ಅವರ ಕೈಗಳು ಮಾಡಿದ್ದ ತೂತನ್ನು ಮುಚ್ಚಿ ಸವರಿ ಸಮ ಮಾಡುತ್ತಿದ್ದ. "ಕೂಸಿಗೆ ಆರಾಮಿಲ್ಲೇನ್ರಿ?" ಎಂದಷ್ಟೇ ಕೇಳಿದ. ಆಂಜಿನೇಯ ತಲೆಯಾಡಿಸಿದ. ಹೂಂ ಎಂದೋ ಊಹೂಂ ಎಂದೋ ಅವನಿಗೇ ಸ್ಪಷ್ಟವಿರಲಿಲ್ಲ.

ಯಾರ್ಡಿನ ಗೇಟಿನ ಹೊರಗೆ ಬಂದವನು ಮನೆಯ ದಾರಿ ಹಿಡಿಯದೆ, ಹುಣಸೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತ. ಹತ್ತಿಯ ನವಿರು ಕೈಯ ರೋಮಕ್ಕೆ ಅಂಟಿಕೊಂಡಿತ್ತು, ಒಂದೊಂದಾಗಿ ತೆಗೆಯತೊಡಗಿದ. ಕರ್ನೂಲಿನಲ್ಲಿ ಡಾಕ್ಟರ ಮುಂದೆ ಅಕ್ಕ ಚಿತ್ರದ ಮೇಲಿಟ್ಟ ಬೆರಳು ಕಣ್ಣ ಮುಂದೆ ಬಂತು. ಲಸಿಕೆ ಹಾಕಲು ಬಂದ ನರ್ಸಮ್ಮ ಕೂಸಿನ ರೆಪ್ಪೆ ಎಳೆದು ನೋಡಿ ಬೈದು ಕಳಿಸಿದ ಮೇಲೆ ಅವರು ಆದೋನಿಗೆ, ಅಲ್ಲಿಂದ ಕರ್ನೂಲಿಗೆ ಓಡಿದ್ದು. ಅಲ್ಲಿ ಡಾಕ್ಟರ್ ಮಂಗಳಾ ಒಂದು ರಟ್ಟನ್ನು ಮುಂದಿಟ್ಟರು. ಅದರ ಮೇಲೆ ಕೂಸುಗಳ ಮಲದ ಚಿತ್ರಗಳು, ಬಣ್ಣ ಬಣ್ಣದ್ದು. ನಿಮ್ಮ ಕೂಸಿನದು ಯಾವುದರ ಹಾಗಿದೆ, ಯಾರು ಬಟ್ಟೆ ಒಗೆಯುವವರು ಎಂದು ಕೇಳಿದರು. ಅಕ್ಕ ಮುಂದೆ ಬಂದಳು. ಸೆರಗು ಸರಿ ಮಾಡಿಕೊಂಡು, ಎಲ್ಲಕ್ಕಿಂತ ಬಿಳಿಯ ಚಿತ್ರದ ಮೇಲೆ ಬೆರಳಿಟ್ಟಳು. "ಇದು ನೋಡ್ರಿ ಮೇಡಮ್ಮ. ಮೊಸರನ್ನದಂಗ. ಒಂದು ದಿನ ತಪ್ಪಿಲ್ಲ."

"ಮೊದಲಿಂದನೂ ಹಿಂಗ ಇತ್ತೇನಮ್ಮ?"

"ಮೊದಲ ಒಂದೀಟು ಹಳದಿ ಇತ್ರಿ. ನಾನು ಪಥ್ಯ ಬಿಗಿ ಮಾಡಿದೆ. ಆಮ್ಯಾಗ ಬೆಳ್ಳಗಾತು."

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಅಕ್ಕ ಜಗಳವಾಡಿ ಹಗುರಾಗುತ್ತಿದ್ದಳು. ಮಲಕ್ಕೆ ಹಳದಿ ಬಣ್ಣ ಬರುವುದೇ ಪಿತ್ತದಿಂದ, ಪಿತ್ತ ಕರುಳಿಗೆ ಇಳಿಯದಿದ್ದರೆ ಮಲ ಬಿಳಿಚಿಕೊಳ್ಳುತ್ತದೆ, ಇಳಿಯದೆ ಉಳಿದ ಹಳದಿಯೇ ಮೈಗೆ ಕಣ್ಣಿಗೆ ಏರುತ್ತದೆ, ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಅಷ್ಟು ಹೊತ್ತೂ ಅಕ್ಕನ ಬೆರಳು ಆ ಬಿಳಿಯ ಚಿತ್ರದ ಮೇಲೆಯೇ ಇತ್ತು. ತೆಗೆಯಲು ಮರೆತಿದ್ದಳು. ನಿಮ್ಮದು ಮೇನರಿಕವಾ, ಸಂಬಂಧದೊಳಗಿನ ಮದುವೆಯಾ ಎಂದು ಯಾರೋ ಚಿಕ್ಕ ಡಾಕ್ಟರು ಕೇಳಿದಾಗ, ಅಕ್ಕನ ಮಗಳನ್ನೇ ಮದುವೆಯಾಗಿದ್ದೇನೆ ಎಂದು ಆಂಜಿನೇಯ ಹೇಳಿದ. ಹೇಳಿ, ಅದರಿಂದಲೇ ಹೀಗಾಯಿತೇ ಎಂದು ಡಾಕ್ಟರ್ ಮಂಗಳಾ ಅವರನ್ನು ಕೇಳಿದ. ನಮಗೆ ಅನುಮಾನ ಇರುವ ಕಾಯಿಲೆ ಅದರಿಂದ ಬರುವುದಲ್ಲ ಎಂದರು ಅವರು. ಆಗ ಅವನಿಗೆ ಸಮಾಧಾನವಾಗಬೇಕಿತ್ತು. ಆದದ್ದು ನಿರಾಶೆ. ಮದುವೆ ಮಾಡಿಸಿದ ಹಿರಿಯರೆಲ್ಲರ ನಡುವೆ ಹಂಚಿಹೋಗಬಹುದಾಗಿದ್ದ ತಪ್ಪು ತಿರುಗಿ ಅವನ ಒಬ್ಬನ ಮಡಿಲಿಗೇ ಬಂದು ಬಿತ್ತು. ಕರ್ನೂಲಿನಿಂದ ಮರಳಿ ಅಕ್ಕ, ಪಲ್ಲವಿ, ಕೂಸು ಎಲ್ಲ ಆದೋನಿಯ ಅವನ ಮನೆಗೇ ಬಂದಿದ್ದಾರೆ. ಆ ದಿನದಿಂದ ಅಕ್ಕ ಬಟ್ಟೆಗಳನ್ನು ಒಗೆಯುವ ಮೊದಲು ಅವನಿಗೆ ಹಿಡಿದು ತೋರಿಸುತ್ತಾಳೆ, ಒಂದೀಟು ಹಳದಿ ಬಂದೈತೇನು ನೋಡಪ್ಪ ಎಂದು. ಹೆಮ್ಮೆಯಿಂದ ತೋರಿಸುತ್ತಿದ್ದ ಕೈಗಳೇ ಅವು. ಬರತೈತಿ ಅಕ್ಕಾ, ನೋಡೋಣು ಎನ್ನುತ್ತಾನೆ ಅವನು, ನೋಡದೆಯೇ.

ಸೂಜಿ ಹಾಕಿದ ದಿನ ಬೆಳಗಿನಿಂದ ಕೂಸಿಗೆ ಹಾಲು ಕೊಟ್ಟಿರಲಿಲ್ಲ. ರಕ್ತ ಹೆಪ್ಪುಗಟ್ಟುತ್ತದೆಯೋ ಇಲ್ಲವೋ ಎಂದು ಮೊದಲೇ ನೋಡಿ, ಅದಕ್ಕೊಂದು ಚುಚ್ಚುಮದ್ದು ಕೊಟ್ಟು, ಮಂಪರು ಬರಿಸಿ ಒಳಗೆ ಒಯ್ದರು. ಪಲ್ಲವಿಯ ಕುಪ್ಪಸ ಹಾಲಿಗೆ ತೊಯ್ದು ಹೋಗಿತ್ತು, ಅವಳು ಸೆರಗನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಬಾಗಿಲ ಸಂದಿಯಲ್ಲಿ ಆಂಜಿನೇಯನಿಗೆ ಕಂಡದ್ದು ಇಷ್ಟು: ಕೂಸಿನ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ ನರ್ಸು, ಪಕ್ಕೆಲುಬಿನ ಮೇಲೆ ಬೆರಳಾಡಿಸಿ ಜಾಗ ಹುಡುಕುತ್ತಿದ್ದ ಡಾಕ್ಟರು. ಅವರು ಹುಡುಕುವ ರೀತಿ ಅವನಿಗೆ ಗೊತ್ತಿತ್ತು. ರಾಶಿಯ ಮೇಲೆ ಅವನೂ ಹಾಗೆಯೇ ಅಂಗೈ ಊರಿ, ಎಲ್ಲಿ ಇಳಿಸಲಿ ಎಂದು ಒಂದು ಉಸಿರು ತಡೆಯುತ್ತಾನೆ. ಆಮೇಲೆ ಟಕ್ ಎಂದು ಒಂದು ಸದ್ದು, ಸ್ವಿಚ್ಚು ಹಾಕಿದಷ್ಟು ಸಣ್ಣದು. ಕೂಸು ಅಳಲಿಲ್ಲ. ಅಳದಿದ್ದದ್ದೇ ಅವನಿಗೆ ತಡೆಯದಾಯಿತು. ಕೂಸನ್ನು ಬಲಮಗ್ಗುಲಿಗೆ ಮಲಗಿಸಿ, ಗಾಯದ ಕೆಳಗೆ ಬಟ್ಟೆಯ ಸುರುಳಿ ಒತ್ತಿಟ್ಟು, ಅಲುಗಿಸಬೇಡಿರಿ ಎಂದರು. ಅಷ್ಟರಲ್ಲಿ ನರ್ಸು ಹೊರಗೆ ಬಂದು ಅವನ ಕೈಗೆ ಒಂದು ಸಣ್ಣ ಸೀಸೆ ಕೊಟ್ಟಳು. ವಾರ್ಡ್‌ಬಾಯ್ ಊಟಕ್ಕೆ ಹೋಗಿದ್ದಾನೆ, ಆಚೆ ಕಟ್ಟಡದ ಲ್ಯಾಬಿಗೆ ನೀವೇ ಕೊಟ್ಟು ಬನ್ನಿ, ಬೀಳಿಸಬೇಡಿ ಎಂದಳು.

ಸೀಸೆಯ ನೀರಿನಲ್ಲಿ ಅವನ ಮಗಳ ಒಳಗಿನದು ತೇಲುತ್ತಿತ್ತು. ಒಂದು ಎಳೆ, ಬೆರಳಿನ ಗೆಣ್ಣಿನಷ್ಟು ಉದ್ದ. ಅವನು ಮುಷ್ಟಿ ಬಿಗಿದ. ಎರಡು ಕಟ್ಟಡಗಳ ನಡುವೆ ಅಂಗಳ, ನಡುಹಗಲು, ನೆತ್ತಿಯ ಮೇಲೆ ಸೂರ್ಯ. ಬಣ್ಣ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಬೆಳಕು ಸಿಗದು. ಅಂಗಳದ ನಡುವೆ ಒಂದು ಕ್ಷಣ ನಿಂತ. ಮುಷ್ಟಿ ತೆರೆದು ಎತ್ತಿ ಹಿಡಿದರೆ ಕಂದೋ ಹಸಿರೋ ಕಾಣುತ್ತಿತ್ತು. ಕಂಡಿದ್ದರೆ ಅವನಿಗೇನೂ ತಿಳಿಯುತ್ತಿರಲಿಲ್ಲ, ಅದನ್ನು ತಿಳಿಯಲು ಗಾಜಿನ ಪಟ್ಟಿ ಬೇಕು, ಸೂಕ್ಷ್ಮದರ್ಶಕ ಬೇಕು, ಓದಿದವರ ಕಣ್ಣು ಬೇಕು. ಅದು ನಿಜ. ಆದರೆ ಅವನು ಮುಷ್ಟಿ ತೆರೆಯದಿದ್ದದ್ದು ಅದಕ್ಕಾಗಿ ಅಲ್ಲ. ಲ್ಯಾಬಿನ ಕಿಟಕಿಯಲ್ಲಿ ಸೀಸೆ ಇಟ್ಟು ಬಂದ ಮೇಲೂ ಬೆರಳುಗಳು ಮಡಚಿಕೊಂಡೇ ಇದ್ದವು.

ಫೋನು ಬಂದಾಗ ಅವನ ಕೈಯ ಮೇಲೆ ಇನ್ನೂ ಹತ್ತಿ ಉಳಿದಿತ್ತು. "ಆಂಜಿನೇಯ ಗಾರು, ರಿಪೋರ್ಟ್ ಬಂದೈತಿ," ಎಂದರು ಡಾಕ್ಟರ್ ಮಂಗಳಾ. ಹಿಂದೆ ಯಾರದೋ ಕೂಸು ಅಳುತ್ತಿತ್ತು. "ಪಿತ್ತದ ನಾಳ ಮುಚ್ಚೈತಿ. ಬಾವು ಅಲ್ಲ. ಪಿತ್ತ ಅಲ್ಲೇ ನಿಂತೈತಿ, ಚೂರಿನ್ಯಾಗ ಛಂದಗ ಕಾಣತೈತಿ. ಆಪರೇಷನ್ ಆಗಬೇಕು. ಕರುಳನ್ನ ಎತ್ತಿ ಲಿವರ್‌ಗೆ ಹಚ್ಚತಾರ. ಹೈದರಾಬಾದಿಗೆ ಬರೆದು ಕೊಡತೀನಿ, ಫೋನೂ ಮಾಡೀನಿ. ನಾಳೆ ಬೆಳಿಗ್ಗೆ ಇಲ್ಲಿಗೆ ಬಂದು ಚೀಟಿ ತಗೊಂಡು ಹಂಗ ಹೊರಡ್ರಿ."

"ಆಪರೇಷನ್ ಆದರ ಆರಾಮಾಗತೈತೇನ್ರಿ?"

"ಎಲ್ಲಾ ಕೂಸುಗಳಿಗೂ ಆಗಂಗಿಲ್ಲ. ಬಾಳ ಕೂಸುಗಳಿಗೆ ಪಿತ್ತ ಇಳೀತೈತಿ."

ಅವನು ಕೇಳಬಾರದು ಎಂದುಕೊಂಡೇ ಕೇಳಿದ. "ಮುಂಚೇನ ಬಂದಿದ್ದರ?"

"ಮುಂಚೆ ಬಂದಿದ್ದರ ಇನ್ನೂ ಛಲೋ ಇತ್ತು," ಎಂದರು ಡಾಕ್ಟರು. "ತಡ ಆಗೈತಿ. ಆದರ ಬರಬಾರದಷ್ಟು ತಡ ಆಗಿಲ್ಲ. ಸೂಜಿ ಹಾಕಿದ್ದಕ್ಕ ಇಷ್ಟರ ಗೊತ್ತಾತು, ಇಲ್ಲಂದರ ಇನ್ನೂ ಔಷಧಿ ಕೊಟ್ಟುಕೋತ ಕುಂದರತಿದ್ವಿ."

ಆಂಜಿನೇಯ ಗುಡ್ಡದ ಬುಡದ ಓಣಿಯಲ್ಲಿ ನಡೆದ. ಕಾಲು ಎಂದಿನಂತೆಯೇ ನಡೆಯಿತು, ಅದೇ ಆಶ್ಚರ್ಯ. ಮನೆಗೆ ಹೋಗಿ ಪಲ್ಲವಿಗೆ ಏನು ಹೇಳಬೇಕು ಎಂಬುದನ್ನು ಜೋಡಿಸಿಕೊಳ್ಳತೊಡಗಿದ. ನಾನು ಅವತ್ತು ನೋಡಿದ್ದೆ. ನನಗೆ ಕಂಡಿತ್ತು. ಅಲ್ಲ, ಕಂಡಿತ್ತು ಎಂದರೆ ಪೂರ್ತಿ ಕಂಡಿತ್ತು ಎಂದಲ್ಲ. ಅದನ್ನು ಅಳಿಸಿ ಮತ್ತೆ ಮೊದಲಿನಿಂದ ಜೋಡಿ ಮಾಡಿದ. ಕ್ಷಮೆ ಕೇಳುವ ಮಾತಿನಲ್ಲೂ ತಾನು ಮೇಲುಮೈಯನ್ನು ಬೆಳ್ಳಗೆ ಮಾಡುತ್ತಿದ್ದೇನೆ ಎಂದು ಗೊತ್ತಾಗಿ ನಿಂತ. ಪಲ್ಲವಿ ಇನ್ನು ಮುಂದೆ ತನ್ನನ್ನು ಯಾವುದನ್ನೂ ನೋಡಿ ಹೇಳು ಎಂದು ಕೇಳುವುದಿಲ್ಲ. ಅವನಿಗೆ ಎಲ್ಲಕ್ಕಿಂತ ಭಯವಾದದ್ದು ಅದಕ್ಕೆ. ಕೂಸಿನ ಬಗ್ಗೆ ಭಯಪಡುವಷ್ಟು ದೂರ ಅವನ ಮನಸ್ಸು ಇನ್ನೂ ಹೋಗಿರಲಿಲ್ಲ.

ಅಕ್ಕ ಬಚ್ಚಲ ಕಟ್ಟೆಯ ಹತ್ತಿರ ಬಕೀಟಿನ ಮುಂದೆ ಕೂತಿದ್ದಳು. ಅವನನ್ನು ಕಂಡ ಕೂಡಲೆ ಬಟ್ಟೆಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಎತ್ತಿದಳು. "ಆಂಜಿ, ಇದು ನೋಡು. ಈ ಮೂಲಿಯಾಗ ಒಂದೀಟು ಬಣ್ಣ ಬಂದಂಗಿಲ್ಲೇನು?"

ಅವನು ಹತ್ತಿರ ಹೋಗಿ, ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಬಿಸಿಲಿಗೆ ತಿರುಗಿಸಿ ನೋಡಿದ. "ಇಲ್ಲಕ್ಕ," ಎಂದ. "ಬೆಳ್ಳಗ ಐತಿ." ಅವಳ ಮಾತಿಗೆ ಅವನು ಇಲ್ಲ ಎಂದದ್ದು ಅದೇ ಮೊದಲು. ಅಕ್ಕ ಅವನನ್ನು ನೋಡಿ, ಬಟ್ಟೆಯನ್ನು ವಾಪಸು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ಡಾಕ್ಟರು ಫೋನ್ ಮಾಡಿದ್ದರು, ನಾಳ ಮುಚ್ಚಿದೆ, ನಾಳೆ ಹೊರಡಬೇಕು, ಹೈದರಾಬಾದಿಗೆ ಎಂದು ಅವನು ಒಂದೇ ದನಿಯಲ್ಲಿ ಹೇಳಿದ. ಹೇಳಿ ಮುಗಿಸಿದಾಗ ಪಲ್ಲವಿ ಬಾಗಿಲಲ್ಲಿ ನಿಂತಿದ್ದಳು, ಹೆಗಲ ಮೇಲೆ ಕೂಸು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಅಳಲಿಲ್ಲ. ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು, ನಡುಹಗಲ ಬಿಸಿಲಿಗೆ, ಬಾಣಂತಿ ಬರಬಾರದ ಬಿಸಿಲಿಗೆ. ಅಕ್ಕ ಬೇಡ ಎನ್ನಲಿಲ್ಲ. ಪಲ್ಲವಿ ಕೂಸಿನ ಟೊಪ್ಪಿಗೆ ಬಿಚ್ಚಿದಳು, ಸುತ್ತಿದ್ದ ಬಟ್ಟೆ ಬಿಚ್ಚಿದಳು, ಬರಿಮೈಯ ಕೂಸನ್ನು ಅವನ ಕೈಗೆ ಕೊಟ್ಟಳು.

"ನೋಡು ಮಾಮಾ," ಎಂದಳು.

"ಇನ್ನೇನು ನೋಡ್ಲಿ ಪಲ್ಲವಿ. ಗೊತ್ತಾತಲ್ಲ."

"ನೋಡಿ ಹೇಳು."

ಅವನು ನೋಡಿದ. ಕೂಸು ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಆಮೇಲೆ ತೆರೆಯಿತು. ಕಣ್ಣಿನ ಬಿಳಿ ಹಳದಿಯಾಗಿತ್ತು. ಹಣೆ, ಎದೆ, ಉಬ್ಬಿದ ಹೊಟ್ಟೆ, ಅಂಗಾಲಿನವರೆಗೂ ಒಂದೇ ಬಣ್ಣ. ಬಲಪಕ್ಕೆಯಲ್ಲಿ ಸೂಜಿಯ ಗುರುತು ಸಾಸಿವೆಯಷ್ಟು ಕಪ್ಪಾಗಿ ಒಣಗಿತ್ತು. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ ಅವನಿಗೆ ತಿಳಿಯಲಿಲ್ಲ.

"ಹಳದಿ ಐತಿ," ಎಂದ. "ಬಾಳ ಹಳದಿ ಐತಿ."

"ಹೂಂ," ಎಂದಳು ಪಲ್ಲವಿ. ಕೂಸಿನ ಅಂಗಾಲನ್ನು ಹೆಬ್ಬೆರಳಿನಿಂದ ಸವರಿದಳು. "ಅವತ್ತು ನೀನು ಬರೂಕಿಂತ ಮುಂಚೆ ನಾನು ಕೂಸಿನ್ನ ಬಾಗಲಿಗೆ ಹಿಡಿದು ನೋಡಿದ್ದೆ. ಹಗಲೊತ್ತಿನ್ಯಾಗ. ನಂಗೂ ಕಂಡಿತ್ತು. ದೀಪದ ಬೆಳಕಿನ್ಯಾಗ ನೀನು ಅಲ್ಲ ಅಂತಿ ಅಂತ ಗೊತ್ತಿತ್ತು, ನಂಗ ಅದ ಬೇಕಿತ್ತು, ಅದಕ್ಕ ದೀಪ ಹಚ್ಚಿದ ಮ್ಯಾಲ ಕರೆದೆ."

ಬಿಸಿಲು ಆಂಜಿನೇಯನ ನೆತ್ತಿ ಸುಡುತ್ತಿತ್ತು. ಕೂಸನ್ನು ನೆರಳಿಗೆ ಒಯ್ಯಬೇಕು, ಬಟ್ಟೆ ಸುತ್ತಬೇಕು, ಸಂಜೆಯೊಳಗೆ ಚೀಲ ಕಟ್ಟಬೇಕು ಎಂದು ತಿಳಿಯುತ್ತಿತ್ತು, ಕೈ ಮಾತ್ರ ಕದಲಲಿಲ್ಲ. ಬಕೀಟಿನ ಹತ್ತಿರ ಅಕ್ಕ ಮೊಣಕಾಲಿಗೆ ಕೈಯೂರಿ ಎದ್ದಳು. ಒದ್ದೆ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ಅವರ ಹತ್ತಿರ ಬಂದು, ಗಂಡ ಹೆಂಡತಿಯ ನಡುವೆ ಜಾಗ ಮಾಡಿಕೊಂಡು ನಿಂತಳು.

"ನಂಗೂ ತೋರಿಸ್ರಿ," ಎಂದಳು.

ಆಂಜಿನೇಯ ಕೂಸನ್ನು ಅವಳ ಕಡೆಗೆ, ಬಿಸಿಲು ನೇರ ಮುಖದ ಮೇಲೆ ಬೀಳುವ ಹಾಗೆ, ತಿರುಗಿಸಿ ಹಿಡಿದ.